ಬೆನ್ನಚೀಲದ ಒಂಬತ್ತು ಸಾಲು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಸೀಮೆಯ ರಸ್ತೆಗಳು ನಡೆಯುವವರಿಂದ ತುಂಬುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಕಡೆಯ ಮಂದಿ ಶ್ರೀಶೈಲದ ಮಲ್ಲಯ್ಯನ ಕಡೆ ಹೊರಟಿರುತ್ತಾರೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಬರಿಗಾಲಿನವರು, ಎಲ್ಲರದೂ ಒಂದೇ ದಿಕ್ಕು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟದ್ದೂ ಅದೇ ಬೆಟ್ಟಕ್ಕೆ.

ಮಸ್ಕಿ, ಸಿಂಧನೂರು, ಲಿಂಗಸುಗೂರಿನಿಂದ ಹೊರಡುವ ಗುಂಪುಗಳ ಹಾಸಿಗೆ, ಪಾತ್ರೆ, ಬುತ್ತಿ ಎಲ್ಲ ಸಾಮಾನ್ಯವಾಗಿ ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಸಾಗುತ್ತವೆ. ತುಂಗಭದ್ರೆ ದಾಟಿ, ಕರ್ನೂಲು ಕಳೆದು, ಆತ್ಮಕೂರಿನವರೆಗೆ ಹೆಗಲಿಗೆ ಅಂಥ ಕೆಲಸವಿಲ್ಲ. ವೆಂಕಟಾಪುರಂ ಬಳಿ ಗಾಡಿ ನಮ್ಮನ್ನು ಬಿಟ್ಟು ದೋರ್ನಾಲದ ಸುತ್ತುದಾರಿ ಹಿಡಿಯುತ್ತದೆ. ನಾವು ನಲ್ಲಮಲದ ಕಾಡಿಗೆ ಇಳಿಯುತ್ತೇವೆ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸದ್ವಾರ: ಈ ದಾರಿಯಲ್ಲಿ ಬೇಕಾದದ್ದೆಲ್ಲ ಬೆನ್ನ ಮೇಲೆ ಇರಬೇಕು. ಹತ್ತು ದಿನ ನಗುತ್ತ ನಡೆದ ಹುಡುಗರು ಇಲ್ಲಿ ಅರ್ಧ ದಿನದಲ್ಲಿ ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಅವರ ಕಾಲಿನಲ್ಲಿ ಕಸುವಿತ್ತು, ಮನಸ್ಸಿನಲ್ಲಿ ಭಕ್ತಿಯಿತ್ತು. ತಪ್ಪಿದ್ದು ಚೀಲ ಕಟ್ಟುವುದರಲ್ಲಿ.

ಅದಕ್ಕೇ ನಮ್ಮ ಓಣಿಯಿಂದ ಮೊದಲ ಸಲ ಹೊರಟವರಿಗೆ ಒಂಬತ್ತು ಸಾಲು ಬರೆದು ಕೊಟ್ಟೆ. ಬಾಯಿಪಾಠವಾಗಲಿ ಎಂದು ಚಿಕ್ಕದಾಗಿ ಬರೆದೆ. ಚಿಕ್ಕ ಸಾಲನ್ನು ಒಬ್ಬೊಬ್ಬರು ಒಂದೊಂದು ತರ ಹಿಡಿಯುವುದುಂಟು. ಹಾಗಾಗಿ ಈಗ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಇದು ಶ್ರೀಶೈಲದ ದಾರಿಗೆಂದು ಬರೆದದ್ದಾದರೂ ಮುದಗಲ್ಲಿನ ಕೋಟೆ ಹತ್ತುವವರಿಗೂ, ಕುಮಾರಪರ್ವತಕ್ಕೋ ಹಿಮಾಲಯಕ್ಕೋ ಚಾರಣ ಹೊರಟವರಿಗೂ ಸಲ್ಲುತ್ತದೆ.

ಮೂಲ

ಕಟ್ಟುವ ಮುಂಚೆ ದಾರಿಯ ಕೇಳು.
ಹತ್ತಕ್ಕೆ ಒಂದು, ಮೇಲೆ ಬೇಡ.
ತಳಕ್ಕೆ ಹಾಸಿಗೆ, ನಡುವಿಗೆ ಭಾರ, ಬಾಯಿಗೆ ನೀರು.
ವಜ್ಜೆ ಬೆನ್ನಿಗೆ ಅಂಟಲಿ, ಎರಡೂ ಮಗ್ಗಲು ಸಮ ಇರಲಿ.
ಹೆಗಲು ಹಿಡಿಯಲಿ, ಟೊಂಕ ಹೊರಲಿ.
ಮೊಳಕಾಲಿಗೆ ಮೊದಲು, ಬೆನ್ನಿಗೆ ಆಮೇಲೆ.
ಹೊಟ್ಟೆಯ ನೀರು ಹೊರೆಯಲ್ಲ.
ಉರಿದಲ್ಲೇ ನಿಲ್ಲು, ಬೊಬ್ಬೆಗೆ ಕಾಯಬೇಡ.
ಒಂದು ಗೇಣು ಖಾಲಿ ಇರಲಿ.

ವ್ಯಾಖ್ಯಾನ

1. ಕಟ್ಟುವ ಮುಂಚೆ ದಾರಿಯ ಕೇಳು.

‘ಕಟ್ಟು’ ಎಂಬ ಮಾತನ್ನು ಗಮನಿಸಬೇಕು. ನಮ್ಮವರು ಬುತ್ತಿ ಕಟ್ಟುತ್ತಾರೆ, ಗಂಟು ಕಟ್ಟುತ್ತಾರೆ. ಬುತ್ತಿ ತುಂಬಿದರು ಎಂದು ಯಾರೂ ಹೇಳುವುದಿಲ್ಲ. ತುಂಬುವವನು ಚೀಲದಲ್ಲಿ ಇನ್ನೆಷ್ಟು ಜಾಗವಿದೆ ಎಂದು ನೋಡುತ್ತಾನೆ. ಕಟ್ಟುವವನು ಉಣ್ಣುವವರು ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಂದು ನೋಡುತ್ತಾನೆ. ಹೊಲಕ್ಕೆ ಬುತ್ತಿ ಕಳಿಸುವ ತಾಯಿ ಡಬ್ಬಿ ದೊಡ್ಡದಿದೆ ಎಂದು ಎರಡು ರೊಟ್ಟಿ ಹೆಚ್ಚು ಹಾಕುವುದಿಲ್ಲ.

‘ದಾರಿಯ ಕೇಳು’ ಎಂದರೆ ನೀರು ಎಲ್ಲಿ, ನೆರಳು ಎಲ್ಲಿ, ರಾತ್ರಿ ಎಲ್ಲಿ, ಊಟ ಯಾರದು ಎಂದು ಮುಂಚೆಯೇ ತಿಳಿದುಕೊಳ್ಳುವುದು. ಊರುದಾರಿಯಲ್ಲಿ ಹೆಜ್ಜೆ ಹೆಜ್ಜೆಗೆ ದಾಸೋಹವಿದೆ. ಹಳ್ಳಿಯವರು ಅನ್ನ, ಮಜ್ಜಿಗೆ, ಕಲ್ಲಂಗಡಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತು ಕರೆಯುತ್ತಾರೆ. ಅಲ್ಲಿ ಹತ್ತು ದಿನದ ಬುತ್ತಿ ಹೊರುವವನು ಅವರ ಅನ್ನವನ್ನೂ ನಂಬಲಿಲ್ಲ, ತನ್ನ ಬೆನ್ನನ್ನೂ ಉಳಿಸಿಕೊಳ್ಳಲಿಲ್ಲ. ಕಾಡಿನ ಮಾತು ಬೇರೆ. ಜಾತ್ರೆಯ ದಿನಗಳಲ್ಲಿ ಅಲ್ಲಿಯೂ ನೀರು, ಅನ್ನದ ಏರ್ಪಾಡು ಇರುತ್ತದೆ, ಆದರೆ ಎರಡು ತಾಣಗಳ ನಡುವೆ ನಮ್ಮ ಕೈಯಲ್ಲಿದ್ದುದೇ ನಮ್ಮದು.

ಕಟ್ಟುವ ಹಿಂದಿನ ರಾತ್ರಿ ಕಣ್ಣು ಮುಚ್ಚಿ ಆ ದಿನವನ್ನು ಒಮ್ಮೆ ಮನಸ್ಸಿನಲ್ಲೇ ನಡೆಯಿರಿ. ನಸುಕಿನ ನಾಲ್ಕಕ್ಕೆ ಎದ್ದೆ, ಬ್ಯಾಟರಿ ಬೇಕಾಯಿತು. ಎಂಟಕ್ಕೆ ಬಿಸಿಲು ಹತ್ತಿತು, ತಲೆಗೆ ವಸ್ತ್ರ ಬೇಕಾಯಿತು. ಹತ್ತಕ್ಕೆ ಹಸಿವಾಯಿತು, ರೊಟ್ಟಿ ಬೇಕಾಯಿತು. ಸಂಜೆ ಮಲಗಬೇಕು, ದುಪ್ಪಟಿ ಬೇಕಾಯಿತು. ಈ ನಡಿಗೆಯಲ್ಲಿ ಯಾವ ವಸ್ತುವಿಗೆ ಸರದಿ ಬರಲಿಲ್ಲವೋ ಅದು ಮನೆಯಲ್ಲೇ ಇರಲಿ. ಸರದಿಗೆ ಕಾಯದ ಒಂದೇ ವಸ್ತುವೆಂದರೆ ಔಷಧದ ಸಣ್ಣ ಕಟ್ಟು.

2. ಹತ್ತಕ್ಕೆ ಒಂದು, ಮೇಲೆ ಬೇಡ.

ಮೈತೂಕದ ಹತ್ತರಲ್ಲಿ ಒಂದು ಪಾಲು ಎಂದು ಅರ್ಥ. 60 ಕಿಲೋ ಇದ್ದವನಿಗೆ 6 ಕಿಲೋ, 45 ಕಿಲೋ ಇದ್ದ ಹುಡುಗಿಗೆ ನಾಲ್ಕೂವರೆ. ಗುಡಾರ, ಒಲೆ, ವಾರದ ದಿನಸಿ ಎಲ್ಲ ಹೊತ್ತು ಬೆಟ್ಟಕ್ಕೆ ಹೋಗುವ ಪಳಗಿದ ಚಾರಣಿಗರು ಐದಕ್ಕೆ ಒಂದರವರೆಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ನಮಗೆ, ಯುಗಾದಿ ಹೊತ್ತಿನ ಬಿಸಿಲಿನಲ್ಲಿ, ಹತ್ತಕ್ಕೆ ಒಂದೇ ಸರಿ.

60 ಕಿಲೋದವನ ಲೆಕ್ಕ ಹಾಕೋಣ. ಚೀಲದ ತೂಕವೇ 800 ಗ್ರಾಂ. ಎರಡು ಲೀಟರ್ ನೀರು 2 ಕಿಲೋ. ರೊಟ್ಟಿ, ಹಿಂಡಿ, ಬೆಲ್ಲ ಸೇರಿ 1 ಕಿಲೋ. ದುಪ್ಪಟಿ 700 ಗ್ರಾಂ, ಒಂದು ಜೊತೆ ಬಟ್ಟೆ 600 ಗ್ರಾಂ, ಬ್ಯಾಟರಿ, ಔಷಧ, ಮೊಬೈಲು, ಸಾಬೂನು ಎಲ್ಲ ಸೇರಿ 500 ಗ್ರಾಂ. ಒಟ್ಟು 5 ಕಿಲೋ 600 ಗ್ರಾಂ. ಇನ್ನು ಉಳಿದದ್ದು 400 ಗ್ರಾಂ ಮಾತ್ರ. ಈ ಲೆಕ್ಕ ಕಣ್ಣ ಮುಂದಿದ್ದಾಗ ಎರಡನೇ ಜೊತೆ ಚಪ್ಪಲಿ, ಮೂರನೇ ಅಂಗಿ ತಾವಾಗಿಯೇ ಗೂಟಕ್ಕೆ ಮರಳುತ್ತವೆ.

“ಕೌದಿ ಒಂದರೆ ಇರಲಿ, ಥಂಡಿ ಆಗ್ತೈತಿ” ಎಂದು ಮನೆಯಲ್ಲಿ ಹೇಳುತ್ತಾರೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಬೆಚ್ಚಗಿರುವುದು ನಿಜ, ಅದರ ವಜ್ಜೆಯೂ ಅಷ್ಟೇ ನಿಜ. ಅದು ಗಾಡಿಯಲ್ಲಿ ಬರಲಿ. ಕಾಡಿನ ರಾತ್ರಿಗೆ ದುಪ್ಪಟಿ ಸಾಕು.

ನಮ್ಮ ಅಡುಗೆಮನೆ ಈ ಲೆಕ್ಕವನ್ನು ಎಂದೋ ಮಾಡಿಟ್ಟಿದೆ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಹಗುರ, ಹಾಗಾಗಿಯೇ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಹಿಂಡಿಯಲ್ಲಿ ಎಣ್ಣೆಯ ಸತ್ವ, ಖಾರ, ಉಪ್ಪು ಮೂರೂ ಇವೆ. ಒಂದು ಹಿಡಿ ಶೇಂಗಾ ಉಂಡಿಗೆ ಏರು ಹತ್ತಿಸುವ ಬಲವಿದೆ. ಅನ್ನ ಸಾರು ಕಟ್ಟಿಕೊಂಡು ಹೋಗುವವನು ನೀರನ್ನೇ ಹೊತ್ತು ಹೋಗುತ್ತಾನೆ, ಅದೂ ಮಧ್ಯಾಹ್ನಕ್ಕೆ ಹಳಸುವ ನೀರನ್ನು.

3. ತಳಕ್ಕೆ ಹಾಸಿಗೆ, ನಡುವಿಗೆ ಭಾರ, ಬಾಯಿಗೆ ನೀರು.

ಮೂರು ಅಂತಸ್ತಿನ ಮನೆ ಎಂದು ತಿಳಿಯಿರಿ. ತಳದಲ್ಲಿ ಸಂಜೆಯವರೆಗೆ ಕೈ ಹಾಕಬೇಕಿಲ್ಲದ ಹಗುರ, ಮೆತ್ತನೆಯ ವಸ್ತು: ದುಪ್ಪಟಿ, ರಾತ್ರಿಯ ಬಟ್ಟೆ. ಅದು ಟೊಂಕಕ್ಕೆ ಮೆತ್ತೆಯೂ ಆಗುತ್ತದೆ. ನಡುವೆ, ಎರಡು ರೆಕ್ಕೆಮೂಳೆಗಳ ಹತ್ತಿರಕ್ಕೆ ಬರುವಂತೆ, ಭಾರದ ವಸ್ತು: ನೀರಿನ ದೊಡ್ಡ ಬಾಟಲಿ, ಬುತ್ತಿಗಂಟು. ಬಾಯಿಯಲ್ಲಿ, ಅಂದರೆ ಮೇಲೆ ಮತ್ತು ಪಕ್ಕದ ಜೇಬುಗಳಲ್ಲಿ, ಗಂಟೆಗೊಮ್ಮೆ ಬೇಕಾಗುವುದು: ಕುಡಿಯುವ ಬಾಟಲಿ, ಬೆಲ್ಲ, ತಲೆವಸ್ತ್ರ, ಔಷಧ.

ಭಾರವನ್ನೇ ತಳಕ್ಕೆ ಹಾಕಿದರೆ ಚೀಲ ಗಟ್ಟಿಯಾಗಿ ಕೂಡುವುದಿಲ್ಲವೇ ಎಂದು ಕೇಳುವವರುಂಟು. ನೆಲದ ಮೇಲೆ ಗಟ್ಟಿಯಾಗಿ ಕೂಡುತ್ತದೆ. ಬೆನ್ನ ಮೇಲೆ ಮಾತ್ರ ಜೋತುಬಿದ್ದು ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ. ಹಾಗೆಂದು ಪೂರ್ತಿ ಮೇಲಕ್ಕೂ ಏರಿಸಬಾರದು. ಕಲ್ಲುದಾರಿಯಲ್ಲಿ ಮೈ ಓಲಾಡುತ್ತದೆ. ಭೀಮನ ಕೊಳ್ಳದ ಕಡಿದಾದ ಮೆಟ್ಟಿಲು ಇಳಿಯುವ ದಿನ ಭಾರವನ್ನು ನಾಲ್ಕು ಬೆರಳು ಕೆಳಗಿಳಿಸಿ ಕಟ್ಟಿಕೊಂಡರೆ ಹೆಜ್ಜೆ ಸ್ಥಿರವಾಗುತ್ತದೆ.

ಇನ್ನೊಂದು ಸೂಕ್ಷ್ಮ: ಒಂದೊಂದು ಬಗೆಯ ವಸ್ತುವನ್ನೂ ಒಂದೊಂದು ಬಟ್ಟೆಯಲ್ಲಿ ಸಣ್ಣ ಗಂಟು ಮಾಡಿ ಇಡಬೇಕು. ಕತ್ತಲಲ್ಲಿ ಕೈಯಾಡಿಸಿದರೂ ಇದು ರೊಟ್ಟಿ, ಇದು ಬಟ್ಟೆ ಎಂದು ಬೆರಳಿಗೆ ತಿಳಿಯಬೇಕು. ಗಂಟುಗಳ ನಡುವೆ ಸಂದು ಉಳಿದರೆ ಸಾಮಾನು ಹೆಜ್ಜೆಗೊಮ್ಮೆ ಕುಲುಕಾಡುತ್ತದೆ. ಸಂದಿಗೆ ಮಡಿಚಿದ ಬಟ್ಟೆ ತುರುಕಿ.

4. ವಜ್ಜೆ ಬೆನ್ನಿಗೆ ಅಂಟಲಿ, ಎರಡೂ ಮಗ್ಗಲು ಸಮ ಇರಲಿ.

ಈ ಸಾಲಿಗೆ ನಮ್ಮ ಹೆಣ್ಣುಮಕ್ಕಳೇ ಗುರುಗಳು. ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಕೊಡ ಹೊತ್ತು ಬರುವ ನಡಿಗೆಯನ್ನು ನೋಡಿ. ನೀರು ತುಳುಕುವುದಿಲ್ಲ, ಕುತ್ತಿಗೆ ಬಾಗುವುದಿಲ್ಲ. ಹೊರೆ ಬೆನ್ನೆಲುಬಿನ ನೇರಕ್ಕೆ ಇಳಿದು ಪಾದ ಸೇರುತ್ತದೆ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೀನ್ಯಾದ ಹೆಂಗಸರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ತಲೆಹೊರೆ ಹೊತ್ತು ಪಳಗಿದ ಅವರು ತಮ್ಮ ಮೈತೂಕದ ಐದನೇ ಒಂದು ಪಾಲನ್ನು ಹೊತ್ತಾಗಲೂ ಹೆಚ್ಚಿನ ಶಕ್ತಿ ಖರ್ಚಾಗುತ್ತಿರಲಿಲ್ಲ ಎಂದು ಅದು ತೋರಿಸಿತು. ಬೆನ್ನಚೀಲದಲ್ಲಿ ಅಷ್ಟು ಉಳಿತಾಯ ಸಿಗದು, ಆದರೆ ನಿಯಮ ಅದೇ: ಹೊರೆ ಮೈಯ ನಡುಗೆರೆಗೆ ಎಷ್ಟು ಹತ್ತಿರವೋ ಅಷ್ಟು ಹಗುರ.

ತುಂಬಿದ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿಯಿರಿ, ಆಮೇಲೆ ತೋಳು ಚಾಚಿ ಹಿಡಿಯಿರಿ. ತಂಬಿಗೆ ಅದೇ, ನೀರೂ ಅದೇ, ತೋಳಿನ ನೋವು ಮಾತ್ರ ಬೇರೆ. ಚೀಲದ ಹಿಂಬದಿಯ ಹೊರಜೇಬಿನಲ್ಲಿ ನೀರು, ಒಳಗೆ ಬೆನ್ನ ಕಡೆ ಬಟ್ಟೆ ಇಟ್ಟರೆ ಬೆನ್ನಿಗೆ ಅದೇ ಶಿಕ್ಷೆ. ಹಿಂದಕ್ಕೆ ಜಗ್ಗುವ ಹೊರೆಯನ್ನು ಸರಿದೂಗಿಸಲು ಮೈ ಮುಂದಕ್ಕೆ ಬಾಗುತ್ತದೆ. ಬಾಗಿದ ಮೈಯನ್ನು ಹಿಡಿದು ನಿಲ್ಲಿಸಲು ಸೊಂಟದ ಸ್ನಾಯು ದಿನವಿಡೀ ದುಡಿಯುತ್ತದೆ. ಸಂಜೆಯ ಸೊಂಟನೋವು ಹೀಗೆ ಹುಟ್ಟುತ್ತದೆ.

ನನ್ನ ಮೊದಲ ನಡಿಗೆಯಲ್ಲಿ ಹಾಸಿಗೆಯ ಸುರುಳಿಯನ್ನು ಚೀಲದ ಹೊರಗೆ, ಕೆಳಗೆ ತೂಗುಬಿಟ್ಟು ಕಟ್ಟಿದ್ದೆ. ಹೆಜ್ಜೆಗೊಮ್ಮೆ ಅದು ತೊಡೆಗೆ ಬಡಿಯುತ್ತಿತ್ತು. ನಾಗಲೂಟಿ ಮುಟ್ಟುವ ಮುಂಚೆಯೇ ಹಿರಿಯರೊಬ್ಬರು ನಿಲ್ಲಿಸಿ, “ತಮ್ಮಾ, ಜೋತಾಡೋದೆಲ್ಲ ನಿನ್ನ ಕಾಲ ಎಳೀತೈತಿ” ಎಂದು ಹೇಳಿ ಅದನ್ನು ಬಿಚ್ಚಿ, ಚಿಕ್ಕದಾಗಿ ಸುತ್ತಿ, ಚೀಲದ ತಳಕ್ಕೆ ಹಾಕಿಕೊಟ್ಟರು. ತೂಕ ಒಂದು ಗುಂಜಿಯೂ ಇಳಿಯಲಿಲ್ಲ, ನಡಿಗೆ ಮಾತ್ರ ಬೇರೆಯೇ ಆಯಿತು.

‘ಎರಡೂ ಮಗ್ಗಲು ಸಮ’ ಎನ್ನುವುದಕ್ಕೆ ಕಂಬಿಯೇ ಸಾಕ್ಷಿ. ಕಂಬಿ ಎಂದರೆ ಹೆಗಲ ಮೇಲೆ ಅಡ್ಡ ಹೊರುವ ಕೋಲು. ಎರಡು ತುದಿಗೂ ಸಮ ತೂಕವಿದ್ದರೆ ಮಾತ್ರ ಅದು ನಿಲ್ಲುತ್ತದೆ. ಹಿಂದಿನ ವ್ಯಾಪಾರಸ್ಥರ ಹಸುಬೆ ಚೀಲವೂ ಹಾಗೆಯೇ, ಎದೆಗೊಂದು ಪಾಲು, ಬೆನ್ನಿಗೊಂದು ಪಾಲು. ನಾವು ಬೆನ್ನಚೀಲದ ಎಡಜೇಬಿಗೆ ಬಾಟಲಿ ಹಾಕಿದರೆ ಬಲಜೇಬಿಗೂ ಅಷ್ಟೇ ತೂಕ ಹಾಕಬೇಕು. ಒಂದೇ ಬಗಲಿಗೆ ನೇತುಹಾಕುವ ಚೀಲ ಅರ್ಧ ದಿನದ ಸಂತೆಗೆ ಸರಿ, ಕಾಡುದಾರಿಗೆ ಬೇಡ.

ಇದೇ ಸಾಲಿಗೆ ಸೇರಿದ ಮಾತು ಪಾದರಕ್ಷೆಯದು. ಪಾದಕ್ಕೆ ಕಟ್ಟಿದ ಒಂದು ಕಿಲೋ, ಬೆನ್ನಿಗೆ ಕಟ್ಟಿದ ನಾಲ್ಕೈದು ಕಿಲೋದಷ್ಟು ಶಕ್ತಿ ಬೇಡುತ್ತದೆ, ಏಕೆಂದರೆ ಅದನ್ನು ಹೆಜ್ಜೆ ಹೆಜ್ಜೆಗೂ ಎತ್ತಿ ಮುಂದಕ್ಕೆ ಒಯ್ಯಬೇಕು. ಬೂಟು ಹಾಕುವವರು ಹಗುರವಾದದ್ದನ್ನೇ ಹಾಕಲಿ, ಮೊದಲೇ ಹಾಕಿ ಪಳಗಿಸಿಕೊಳ್ಳಲಿ.

5. ಹೆಗಲು ಹಿಡಿಯಲಿ, ಟೊಂಕ ಹೊರಲಿ.

ಒಂಬತ್ತರಲ್ಲಿ ಒಂದೇ ಸಾಲು ನೆನಪಿರುತ್ತದೆ ಎನ್ನುವವರು ಇದನ್ನು ನೆನಪಿಡಿ. ಹೆಗಲಿನ ಕೆಲಸ ಚೀಲ ಹಿಂದಕ್ಕೆ ಬೀಳದಂತೆ ಹಿಡಿಯುವುದು. ಹೊರುವ ಕೆಲಸ ಟೊಂಕದ್ದು. ಹೆಗಲಿನಲ್ಲಿ ಇರುವುದು ಸಣ್ಣ ಎಲುಬು, ತೆಳು ಸ್ನಾಯು, ತೋಳಿಗೆ ಇಳಿಯುವ ನರಗಳು. ಟೊಂಕದಲ್ಲಿ ಇರುವುದು ಮೈಯ ಅಗಲವಾದ ಎಲುಬಿನ ಬಟ್ಟಲು, ಅದರ ಕೆಳಗೆ ಮೈಯಲ್ಲೇ ದೊಡ್ಡದಾದ ತೊಡೆಯ ಸ್ನಾಯುಗಳು. ತುಂಬಿದ ಕೊಡವನ್ನು ಹೆಣ್ಣುಮಕ್ಕಳು ಟೊಂಕಕ್ಕೆ ಏರಿಸಿಕೊಳ್ಳುವುದೂ, ತಾಯಿ ಕೂಸನ್ನು ಅಲ್ಲೇ ಕೂಡಿಸಿಕೊಳ್ಳುವುದೂ ಈ ಕಾರಣಕ್ಕೇ.

ಚಾರಣದ ಚೀಲಕ್ಕೆ ಅಗಲವಾದ ಟೊಂಕಪಟ್ಟಿ ಇರುತ್ತದೆ. ಅದು ಹೊಟ್ಟೆಯ ಮೇಲಲ್ಲ, ಎರಡೂ ಪಕ್ಕ ಕೈಗೆ ಸಿಗುವ ಟೊಂಕದೆಲುಬಿನ ತುದಿಯ ಮೇಲೆ ಕೂಡಬೇಕು. ಸರಿಯಾಗಿ ಕೂತರೆ ಹೊರೆಯ ಮುಕ್ಕಾಲು ಪಾಲು ಅಲ್ಲಿಗೆ ಇಳಿಯುತ್ತದೆ. ಕಟ್ಟುವುದಕ್ಕೂ ಒಂದು ಕ್ರಮವಿದೆ. ಮೊದಲು ಎಲ್ಲ ಪಟ್ಟಿ ಸಡಿಲ ಬಿಡಿ. ಟೊಂಕಪಟ್ಟಿಯನ್ನು ಎಲುಬಿನ ಮೇಲೆ ಕೂಡಿಸಿ ಬಿಗಿಯಿರಿ. ಆಮೇಲೆ ಹೆಗಲಪಟ್ಟಿಯನ್ನು, ಚೀಲ ಬೆನ್ನಿಗೆ ತಾಗುವಷ್ಟು ಮಾತ್ರ ಎಳೆಯಿರಿ. ಹೆಗಲ ಮೇಲಿನಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿ ಇದ್ದರೆ ಅದು ಓರೆಯಾಗಿ, 45 ಡಿಗ್ರಿಯಷ್ಟು ನಿಲ್ಲಲಿ. ಕೊನೆಗೆ ಎದೆಪಟ್ಟಿ, ಉಸಿರಿಗೆ ಅಡ್ಡಿಯಾಗದಂತೆ. ಹೆಗಲಿಂದ ಶುರು ಮಾಡಿದವರ ಹೊರೆ ಸಂಜೆಯವರೆಗೂ ಹೆಗಲಲ್ಲೇ ಉಳಿಯುತ್ತದೆ.

“ನಮ್ಮದು ಶಾಲೆಯ ಚೀಲ, ಟೊಂಕಪಟ್ಟಿ ಎಲ್ಲಿಂದ ತರೋಣ?” ಎಂದು ಹುಡುಗರು ಕೇಳಿದರು. ಹೊಸ ಚೀಲ ಕೊಳ್ಳಬೇಕಿಲ್ಲ. ಹೆಗಲಪಟ್ಟಿಗಳನ್ನು ಎಳೆದು ಚೀಲವನ್ನು ಮೇಲೇರಿಸಿ, ಅದರ ತಳ ಟೊಂಕದ ಕೆಳಗೆ ಜಾರದಂತೆ ಮಾಡಿ. ಒಂದು ಹತ್ತಿ ಪಟ್ಟಿಯಿಂದ ಎರಡೂ ಹೆಗಲಪಟ್ಟಿಗಳನ್ನು ಎದೆಯ ಮೇಲೆ ಸೇರಿಸಿ ಕಟ್ಟಿ. ಉದ್ದನೆಯ ಟವೆಲನ್ನು ಚೀಲದ ಕೆಳಭಾಗದ ಸುತ್ತ ತಂದು ಟೊಂಕದ ಮುಂದೆ ಗಂಟು ಹಾಕಿ. ಹೊರೆ ಪೂರ್ತಿ ಇಳಿಯದಿದ್ದರೂ ಓಲಾಟ ನಿಲ್ಲುತ್ತದೆ. ಓಲಾಟ ನಿಂತರೆ ಅರ್ಧ ದಣಿವು ನಿಂತಂತೆ.

6. ಮೊಳಕಾಲಿಗೆ ಮೊದಲು, ಬೆನ್ನಿಗೆ ಆಮೇಲೆ.

ನೆಲದಲ್ಲಿದ್ದ ಚೀಲವನ್ನು ಒಂದೇ ಕೈಯಲ್ಲಿ ಎಳೆದು ಬೀಸಿ ಬೆನ್ನಿಗೆ ಹಾಕಬೇಡಿ. ಸೊಂಟ ಉಳುಕುವುದು ಆಗಲೇ. ಮೊಳಕಾಲು ಮಡಿಚಿ ತೊಡೆಯ ಮೇಲೆ ತಂದು, ಒಂದು ತೋಳು ತೂರಿಸಿ, ಮೈ ತಿರುಗಿಸಿ ಇನ್ನೊಂದು ತೋಳು ತೂರಿಸಿ. ಕಟ್ಟೆಯೋ ಬಂಡೆಯೋ ಸಿಕ್ಕರೆ ಚೀಲವನ್ನು ಅದರ ಮೇಲಿಟ್ಟು ಕೂತು ತೊಟ್ಟು ಎದ್ದರಾಯಿತು. ಇಳಿಸುವಾಗಲೂ ಹೀಗೆಯೇ.

7. ಹೊಟ್ಟೆಯ ನೀರು ಹೊರೆಯಲ್ಲ.

ಒಂದು ಲೀಟರ್ ನೀರು ಒಂದು ಕಿಲೋ. ಬಾಟಲಿಯಲ್ಲಿದ್ದಷ್ಟು ಹೊತ್ತು ಅದು ಹೊರೆ, ಕುಡಿದ ಮೇಲೆ ಬಲ. “ಮುಂದಕ್ಕ ಬೇಕಾಕ್ಕೈತಿ” ಎಂದು ನೀರು ಉಳಿಸುತ್ತ ಬಾಯಾರಿ ನಡೆಯುವುದು ಎರಡೂ ಕಡೆಯ ನಷ್ಟ. ಬಾಯಾರುವ ಮುಂಚೆ ಗುಟುಕು ಗುಟುಕಾಗಿ ಕುಡಿಯಿರಿ, ನೀರಿನ ತಾಣ ಬಂದಾಗಲೆಲ್ಲ ಅಲ್ಲೇ ಹೊಟ್ಟೆ ತುಂಬ ಕುಡಿದು ಬಾಟಲಿಯನ್ನೂ ತುಂಬಿಕೊಳ್ಳಿ. ತೆಲುಗಿನಲ್ಲಿ ಪೆದ್ದಚೆರುವು ಎಂದರೆ ದೊಡ್ಡ ಕೆರೆ. ನಡೆದವರು ಆ ಕೆರೆಯ ಹತ್ತಿರವೇ ಬಿಡಾರ ಹೂಡುತ್ತ ಬಂದದ್ದು ಸುಮ್ಮನಲ್ಲ. ಕೆರೆ, ಹಳ್ಳದ ನೀರಾದರೆ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ತಲೆ ಸುತ್ತಿದಾಗ, ಭೇದಿಯಾದಾಗ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಕುಡಿಸಿ. ಚಮಚ ಸಮತಟ್ಟಾಗಿರಲಿ, ಗೋಪುರ ಬೇಡ. ಸಕ್ಕರೆ, ಉಪ್ಪನ್ನು ಮನೆಯಲ್ಲೇ ಅಳೆದು ಸಣ್ಣ ಪೊಟ್ಟಣ ಕಟ್ಟಿಕೊಂಡರೆ ಕತ್ತಲಲ್ಲಿ ಅಳೆಯುವ ತೊಂದರೆ ಇಲ್ಲ.

8. ಉರಿದಲ್ಲೇ ನಿಲ್ಲು, ಬೊಬ್ಬೆಗೆ ಕಾಯಬೇಡ.

ಬೊಬ್ಬೆ ಒಮ್ಮೆಲೇ ಬರುವುದಿಲ್ಲ. ಮೊದಲು ಬಿಸಿ, ಆಮೇಲೆ ಉರಿ, ಆಮೇಲೆ ನೀರು ತುಂಬುತ್ತದೆ. ಉರಿ ಎದ್ದ ಗಳಿಗೆಯಲ್ಲಿ ಐದು ನಿಮಿಷ ನಿಂತು, ಕಾಲು ಒರೆಸಿ ಒಣಗಿಸಿ, ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಅಲ್ಲಿಗೆ ಮುಗಿಯಿತು. ಗುಂಪು ಮುಂದೆ ಹೋಗುತ್ತದೆ ಎಂಬ ಸಂಕೋಚಕ್ಕೆ ನಡೆದೇ ನಡೆದವನು ಮರುದಿನ ಗುಂಪನ್ನೇ ನಿಲ್ಲಿಸಬೇಕಾಗುತ್ತದೆ.

ಹೆಗಲಿಗೂ ಇದೇ ಮಾತು. ಪಟ್ಟಿ ಉಜ್ಜುವ ಜಾಗಕ್ಕೆ ಮುಂಜಾನೆಯೇ ಕೊಬ್ಬರಿಎಣ್ಣೆ ಸವರಿ, ಪಟ್ಟಿಯ ಕೆಳಗೆ ಮಡಿಚಿದ ವಸ್ತ್ರ ಇಡಿ. ಇದು ಹೆಗಲಿನ ಸಿಂಬಿ. ಬೆರಳು ಜುಮ್ ಎನ್ನತೊಡಗಿದರೆ ಪಟ್ಟಿ ನರವನ್ನು ಅದುಮುತ್ತಿದೆ ಎಂದೇ ತಿಳಿದು ತಕ್ಷಣ ಚೀಲ ಇಳಿಸಿ, ಪಟ್ಟಿ ಸಡಿಲಿಸಿ, ಟೊಂಕದ ಕಟ್ಟನ್ನು ಬಿಗಿ ಮಾಡಿ.

ಇದನ್ನೆಲ್ಲ ಕಾಡಿನಲ್ಲಿ ಕಲಿಯಬೇಕಾಗಿಲ್ಲ. ನಮ್ಮ ಊರಿನಲ್ಲೇ ಗುಡ್ಡವಿದೆ, ಗುಡ್ಡದ ಮೇಲೆ ಮಲ್ಲಿಕಾರ್ಜುನನಿದ್ದಾನೆ. ಹೊರಡುವ ಒಂದು ತಿಂಗಳ ಮುಂಚಿನಿಂದ, ಕಟ್ಟಿದ ಅದೇ ಚೀಲ ಹೊತ್ತು, ಅದೇ ಪಾದರಕ್ಷೆಯಲ್ಲಿ ನಸುಕಿಗೇ ಗುಡ್ಡ ಹತ್ತಿ ಇಳಿಯಿರಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಜಗ್ಗುತ್ತದೆ ಎಂದು ಮೈಯೇ ಹೇಳುತ್ತದೆ. ಮನೆಗೆ ಬಂದು ಬಿಚ್ಚಿ, ಸರಿಪಡಿಸಿ ಮತ್ತೆ ಕಟ್ಟಬಹುದು.

9. ಒಂದು ಗೇಣು ಖಾಲಿ ಇರಲಿ.

ಎಲ್ಲ ಇಟ್ಟ ಮೇಲೂ ಚೀಲದ ಬಾಯಿಯ ಕೆಳಗೆ ಒಂದು ಗೇಣು ಜಾಗ ಉಳಿಯಬೇಕು. ಅದನ್ನೂ ತುಂಬಿದರೆ ನಷ್ಟವೇನು ಎಂದು ಕೇಳಬಹುದು. ಆ ಗೇಣಿಗೆ ಮೂರು ಕೆಲಸಗಳಿವೆ.

ಮೊದಲನೆಯದು, ಬಿಸಿಲೇರಿದಾಗ ಬಿಚ್ಚಿದ ಅಂಗಿ, ದಾರಿಯಲ್ಲಿ ಕೊಟ್ಟ ಹಣ್ಣು ಅದರಲ್ಲಿ ಕೂಡಬೇಕು. ಎರಡನೆಯದು, ನಲ್ಲಮಲ ಹುಲಿಗಳಿಗೆ ಮೀಸಲಾದ ಕಾಡು. ನಾವು ನೀರು ಕುಡಿದು ಎಸೆದ ಬಾಟಲಿ, ತಿಂದು ಬಿಟ್ಟ ಪ್ಲಾಸ್ಟಿಕ್ಕು ನಾವು ಮನೆ ಸೇರಿದ ಮೇಲೂ ಅಲ್ಲೇ ಉಳಿಯುತ್ತದೆ. ತಂದಾಗ ತುಂಬಿದ್ದ ಬಾಟಲಿ ಖಾಲಿಯಾಗಿ ಇನ್ನೂ ಹಗುರವಾಗಿದೆ. ಅದನ್ನು ಆ ಗೇಣಿನಲ್ಲಿಟ್ಟು ವಾಪಸು ತರಲು ಯಾವ ಹೆಗಲಿಗೂ ಕಷ್ಟವಿಲ್ಲ.

ಮೂರನೆಯದಕ್ಕಾಗಿಯೇ ಈ ಸಾಲನ್ನು ಕೊನೆಗೆ ಇಟ್ಟೆ. ಭೀಮನ ಕೊಳ್ಳ ಇಳಿದು ಕೈಲಾಸದ್ವಾರಕ್ಕೆ ಏರುವಾಗ ಗುಂಪಿನಲ್ಲಿ ಒಬ್ಬರಿಗಾದರೂ ಕಾಲು ಸೋಲುತ್ತದೆ. ಮುದುಕರಿಗೆ ಆಗಬಹುದು, ಗಟ್ಟಿ ಪ್ರಾಯದವನಿಗೂ ಆಗಬಹುದು. ಆಗ ಅವರ ಬಾಟಲಿಯನ್ನೋ ಬುತ್ತಿಯನ್ನೋ ನಾಲ್ಕು ಜನ ಹಂಚಿಕೊಂಡರೆ ಅವರು ಬರಿಬೆನ್ನಲ್ಲಿ ಏರು ಮುಗಿಸುತ್ತಾರೆ. ಬಾಯಿವರೆಗೆ ತುಂಬಿದ ಚೀಲದವನಿಗೆ ಮನಸ್ಸಿದ್ದರೂ ಜಾಗವಿಲ್ಲ. ಕಂಬಿ ಹೊತ್ತವರನ್ನು ನೋಡಿ: ಒಬ್ಬರ ಹೆಗಲು ದಣಿಯುವ ಮುಂಚೆಯೇ ಇನ್ನೊಬ್ಬರ ಹೆಗಲು ಕೆಳಗೆ ಬಂದಿರುತ್ತದೆ.

ಮೊದಲ ಸಾಲಿನಲ್ಲಿ ದಾರಿಯ ಕೇಳು ಎಂದೆ. ದಾರಿ ಎಂದರೆ ನೀರು, ನೆರಳು, ಮೆಟ್ಟಿಲು ಮಾತ್ರವಲ್ಲ, ಜೊತೆಗೆ ನಡೆಯುವವರೂ ಹೌದು. ಹತ್ತಕ್ಕೆ ಒಂದು ಎಂದು ಅಳೆದದ್ದು, ಕೌದಿಯನ್ನು ಗಾಡಿಗೆ ಬಿಟ್ಟದ್ದು, ಟೊಂಕಕ್ಕೆ ಹೊರೆ ಇಳಿಸಿದ್ದು ಎಲ್ಲವೂ ನಮ್ಮನ್ನು ಹಗುರ ಮಾಡಿದ್ದು ನಿಜ. ಆ ಹಗುರದಲ್ಲಿ ಒಂದು ಗೇಣು ಪಕ್ಕದವರದು. ಕೈಲಾಸದ್ವಾರ ಮುಟ್ಟಿದ ಮೇಲೆ ಚೀಲ ಬಿಚ್ಚಿ, ಅವರ ಬಾಟಲಿಯನ್ನು ಅವರ ಕೈಗೆ ಕೊಡಿ.